ಮೊದಲ ವರ್ಷದ ಪಾಠ ಮತ್ತು ತ್ರೈರಾಶಿಯ ಲೆಕ್ಕ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಮಕ್ಕಳು ಈಗ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾರೆ. ದೂರವಾಣಿಯಲ್ಲಿ ಮಾತಿಗೆ ಸಿಕ್ಕಾಗ ತಂದೆತಾಯಂದಿರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಸಾರ್, ಆಸ್ಪತ್ರೆಯ ಕೆಲಸ ಕಲಿಯಲು ಹೋದ ಹುಡುಗಿಗೆ ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳೆಲ್ಲ ಏಕೆ? ಇಂಜೆಕ್ಷನ್ ಕೊಡುವುದನ್ನು ಚೆನ್ನಾಗಿ ಕಲಿಸಿದರೆ ಸಾಲದೇ?” ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತ ಬೋಧಿಸಿದವನಿಗೆ ಈ ಧಾಟಿಯ ಪ್ರಶ್ನೆ ಹೊಸದೇನಲ್ಲ. ಬೀಜಗಣಿತ ಕಲಿತು ಏನಾಗಬೇಕಾಗಿದೆ ಎಂದು ಹಿಂದಿನ ಬೆಂಚಿನಿಂದ ಗೊಣಗಿದವರು ನೀವೇ ಅಲ್ಲವೇ!

ಇಂಜೆಕ್ಷನ್ನಿನ ಮಾತನ್ನೇ ಎತ್ತಿಕೊಳ್ಳೋಣ. ಪೃಷ್ಠಭಾಗದ ಸ್ನಾಯುವಿಗೆ ಸೂಜಿ ಚುಚ್ಚುವವರು ಆ ಭಾಗವನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿ, ಮೇಲಿನ ಹೊರಗಿನ ಪಾಲನ್ನು ಗುರುತಿಸಬೇಕು. ಸ್ವಲ್ಪ ಕೆಳಗೆ, ಸ್ವಲ್ಪ ಒಳಗೆ ಸರಿದರೆ ಸೊಂಟದಿಂದ ಕಾಲಿಗಿಳಿಯುವ ಸಯಾಟಿಕ್ ನರಕ್ಕೆ ಪೆಟ್ಟಾಗಿ ರೋಗಿಯ ಕಾಲೇ ಸ್ವಾಧೀನ ತಪ್ಪಬಹುದು. ಹೀಗಿರುವಾಗ ಅಂಗರಚನಾಶಾಸ್ತ್ರವನ್ನು ಬಿಟ್ಟು ಇಂಜೆಕ್ಷನ್ ಮಾತ್ರ ಕಲಿಸುವುದು ಹೇಗೆ?

ಭಾರತೀಯ ನರ್ಸಿಂಗ್ ಪರಿಷತ್ತಿನ ಪರಿಷ್ಕೃತ ಪಠ್ಯಕ್ರಮವು 2021ರಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು. ಅದರಂತೆ ನಾಲ್ಕು ವರ್ಷಗಳ ಓದನ್ನು ಎಂಟು ಸೆಮಿಸ್ಟರುಗಳಾಗಿ ವಿಂಗಡಿಸಿದ್ದಾರೆ. ಮೊದಲ ಸೆಮಿಸ್ಟರಿನಲ್ಲಿ ಸಂವಹನ ಇಂಗ್ಲಿಷ್, ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಹಾಗೂ ಶುಶ್ರೂಷೆಯ ತಳಹದಿಯ ಮೊದಲ ಭಾಗ. ಎರಡನೆಯದರಲ್ಲಿ ಜೀವರಸಾಯನಶಾಸ್ತ್ರ, ಪೋಷಣೆ ಮತ್ತು ಪಥ್ಯಾಹಾರ, ಶುಶ್ರೂಷೆಯ ತಳಹದಿಯ ಎರಡನೆಯ ಭಾಗ ಮತ್ತು ಮಾಹಿತಿ ತಂತ್ರಜ್ಞಾನ. ಶಾಸ್ತ್ರವಿಷಯಗಳ ಹೆಸರಿನ ಮುಂದೆಲ್ಲ ‘ಅನ್ವಯಿಕ’ ಎಂಬ ವಿಶೇಷಣವಿದೆ. ಆ ಒಂದು ಪದವನ್ನು ಯಾರೋ ಬಹಳ ಯೋಚಿಸಿಯೇ ಸೇರಿಸಿರಬೇಕು. ಆದರೆ ನಾನು ಬಲ್ಲ ಒಂದು ಕಾಲೇಜಿನಲ್ಲಿ ಆ ಪದಕ್ಕೆ ಪ್ರವೇಶವೇ ಸಿಕ್ಕಿಲ್ಲ. ಟಿಪ್ಪಣಿ ಬರೆಸುವುದು, ಬಾಯಿಪಾಠ ಒಪ್ಪಿಸುವುದು, ಪರೀಕ್ಷೆ ಬರೆದು ಮರೆಯುವುದು. ಇಷ್ಟಕ್ಕೇ ಅಡಿಪಾಯ ಮುಗಿಯುತ್ತದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಮುದಿ ಮೇಷ್ಟರಿಗೆ ಇಷ್ಟು ಸಲುಗೆ ಇರಲಿ. ವಾರ್ಡಿನ ಲೆಕ್ಕಗಳೆಲ್ಲ ಬಹುಮಟ್ಟಿಗೆ ನೀವು ಏಳನೆಯ ತರಗತಿಯಲ್ಲಿ ಮಾಡಿದ ತ್ರೈರಾಶಿಯೇ. 500 ಮಿಲಿಲೀಟರ್ ಸಲೈನನ್ನು 4 ಗಂಟೆಯಲ್ಲಿ ಇಳಿಸಬೇಕು. ಕೊಳವೆಯ ಅಳತೆ ಮಿಲಿಲೀಟರಿಗೆ 20 ಹನಿ. ಒಟ್ಟು 10,000 ಹನಿ, 240 ನಿಮಿಷ. ಅಂದರೆ ನಿಮಿಷಕ್ಕೆ ಸುಮಾರು 42. ಮಕ್ಕಳಿಗೆ ಬಳಸುವ ಸಣ್ಣ ಹನಿಯ ಕೊಳವೆಯಲ್ಲಿ ಮಿಲಿಲೀಟರಿಗೆ 60 ಹನಿ. ಕೊಳವೆ ಬದಲಾದುದನ್ನು ಗಮನಿಸದಿದ್ದರೆ ಉತ್ತರವೂ ಕೆಟ್ಟಿತು, ರೋಗಿಯೂ ಕೆಟ್ಟ.

ಇದಕ್ಕಿಂತ ಅಪಾಯದ್ದು ಇನ್ಸುಲಿನ್. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಯೂ ಉಂಟು, 100 ಯೂನಿಟ್ ಇರುವುದೂ ಉಂಟು. ಎರಡಕ್ಕೂ ಬೇರೆ ಬೇರೆ ಸಿರಿಂಜು. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದುಕೊಂಡು ‘20 ಯೂನಿಟ್’ ಗೆರೆಯವರೆಗೆ ತುಂಬಿದರೆ ಒಳಗಿರುವುದು ಅರ್ಧ ಮಿಲಿಲೀಟರ್, ಎಂದರೆ 50 ಯೂನಿಟ್. ಎರಡೂವರೆ ಪಟ್ಟು! ರಕ್ತದ ಸಕ್ಕರೆ ಕುಸಿದು ರೋಗಿ ಎಚ್ಚರ ತಪ್ಪಲು ಅಷ್ಟು ಸಾಕು. ಶಾಲೆಯಲ್ಲಿ ದಶಮಾಂಶ ಬಿಂದು ಸ್ಥಾನ ತಪ್ಪಿದರೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ನೀವು ಮುಖ ಊದಿಸಿಕೊಳ್ಳುತ್ತಿದ್ದಿರಿ.

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮಗೆ ನೆನಪಾಗುವುದು ಕೈಯಲ್ಲಿ ದೀಪ ಹಿಡಿದ ಚಿತ್ರ. ಆಕೆ ಸಂಖ್ಯಾಶಾಸ್ತ್ರಜ್ಞೆಯೂ ಆಗಿದ್ದಳೆಂಬುದನ್ನು ಪಠ್ಯಪುಸ್ತಕಗಳು ಮರೆತಿವೆ. ಕ್ರಿಮಿಯಾ ಯುದ್ಧದ ಸೈನಿಕರಲ್ಲಿ ಗಾಯಕ್ಕಿಂತ ಹೆಚ್ಚು ಮಂದಿ ತಡೆಯಬಹುದಾದ ರೋಗಗಳಿಂದಲೇ ಸತ್ತರೆಂಬುದನ್ನು ಬಣ್ಣದ ವೃತ್ತಚಿತ್ರದಲ್ಲಿ ಬಿಡಿಸಿ ಸರಕಾರದ ಮುಂದಿಟ್ಟವಳು ಆಕೆ. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ಸದಸ್ಯೆಯನ್ನಾಗಿ ಆರಿಸಿತು. ಆ ಸಂಘದ ಮೊದಲ ಮಹಿಳೆ ಆಕೆಯೇ. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ದಾದಿಯರ ಶಾಲೆ ಆರಂಭವಾದದ್ದು ಅನಂತರ, 1860ರಲ್ಲಿ.

ಭಾಷೆಯದು ಬೇರೆಯೇ ಕಷ್ಟ. ಕನ್ನಡ ಮಾಧ್ಯಮದಲ್ಲಿ ಓದಿ ಹೋದ ನಮ್ಮ ಮಕ್ಕಳು ಮೊದಲ ಆರು ತಿಂಗಳು ಇಂಗ್ಲಿಷ್ ಹೆಸರುಗಳ ಕಾಡಿನಲ್ಲಿ ದಿಕ್ಕು ತಪ್ಪುತ್ತಾರೆ. ನಮ್ಮ ಬಂಧುವರ್ಗದ ಒಂದು ಹುಡುಗಿ, ಹೆಸರು ಬೇಡ, ಅಂಗರಚನಾಶಾಸ್ತ್ರದ ಪುಸ್ತಕವನ್ನು ಮುಚ್ಚಿಟ್ಟು ‘ತಾತ, ನಾನು ಊರಿಗೆ ಬರ್ತೀನಿ’ ಎಂದು ಅತ್ತಳು. ಬುದ್ಧಿಗೇನೂ ಕೊರತೆಯಿರಲಿಲ್ಲ, ಮೂಳೆಯ ಹೆಸರನ್ನು ಒಮ್ಮೆ ಕನ್ನಡದಲ್ಲಿ ವಿವರಿಸಿ ಆಮೇಲೆ ಇಂಗ್ಲಿಷಿಗೆ ದಾಟಿಸುವವರು ಅವಳ ತರಗತಿಯಲ್ಲಿ ಇರಲಿಲ್ಲ. ಅದೇ ಬೆಂಚಿನಲ್ಲಿ ಹೊರ ರಾಜ್ಯದಿಂದ ಬಂದ, ಇಂಗ್ಲಿಷ್ ಬಲ್ಲ ಗೆಳತಿಯರಿದ್ದಾರೆ. ಅವರ ಕಷ್ಟ ವಾರ್ಡಿಗೆ ಕಾಲಿಟ್ಟಾಗ ಶುರುವಾಗುತ್ತದೆ. ಹಳ್ಳಿಯ ಮುದುಕಿ ‘ಎದೆಯಲ್ಲಿ ಚಳುಕು’ ಎನ್ನುತ್ತಾಳೆ, ‘ಹೊಟ್ಟೆ ತೊಳಸುತ್ತದೆ’, ‘ಕೈ ಜೋಮು ಹಿಡಿದಿದೆ’ ಎನ್ನುತ್ತಾಳೆ. ಮೂರನ್ನೂ ‘ನೋವು’ ಎಂದು ಬರೆದುಕೊಂಡರೆ ವೈದ್ಯರಿಗೆ ತಲುಪುವುದೇನು?

ಸಂವಹನಕ್ಕೆಂದು ಇಂಗ್ಲಿಷನ್ನು ಇಟ್ಟವರು ರೋಗಿಯ ಭಾಷೆಗೂ ಅಷ್ಟೇ ಗಂಟೆಗಳನ್ನು ಮೀಸಲಿಡಬೇಕೆಂಬುದು ನನ್ನ ವಾದ. ಬಳ್ಳಾರಿಯ, ಮಂಗಳೂರಿನ, ಚಾಮರಾಜನಗರದ ರೋಗಿಗಳು ತಮ್ಮ ನೋವನ್ನು ಹೇಳಿಕೊಳ್ಳುವ ಮಾತುಗಳನ್ನು ಸಂಗ್ರಹಿಸಿ ಮೊದಲ ಸೆಮಿಸ್ಟರಿನಲ್ಲೇ ಕಲಿಸಲಿ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಸಮಾಜಶಾಸ್ತ್ರದ ಅಧ್ಯಾಪಕರಿಗೆ ಒಂದು ಒಳ್ಳೆಯ ಕೆಲಸವೂ ಆಗುತ್ತದೆ. ವಿದ್ಯಾರ್ಥಿಗಳನ್ನು ಹೊರರೋಗಿ ವಿಭಾಗದ ಸಾಲಿಗೆ ಕಳುಹಿಸಿ ಕೇಳಿಸಿಕೊಳ್ಳಲು ಹೇಳಿದರಾಯಿತು.

ಆ ಹುಡುಗಿ ಊರಿಗೆ ಮರಳಲಿಲ್ಲ. ಪ್ರತಿ ಭಾನುವಾರ ಸಂಜೆ ನಾವಿಬ್ಬರೂ ಫೋನಿನಲ್ಲಿ ಲೆಕ್ಕ ಬಿಡಿಸುತ್ತೇವೆ. ಮೂಳೆಗಳ ಹೆಸರನ್ನು ಅವಳು ನನಗೆ ಕಲಿಸುತ್ತಾಳೆ. ನಿಮ್ಮ ಮನೆಯಲ್ಲೂ ಮೊದಲ ವರ್ಷದವರಿದ್ದರೆ ಈ ವಾರದ ಲೆಕ್ಕವನ್ನು ಅವರಿಗೆ ಕೊಡಿ: 1 ಲೀಟರ್ ದ್ರವ, 8 ಗಂಟೆ, ಮಿಲಿಲೀಟರಿಗೆ 15 ಹನಿ, ನಿಮಿಷಕ್ಕೆ ಎಷ್ಟು ಹನಿ? ಉತ್ತರವನ್ನಷ್ಟೇ ಕಳುಹಿಸಿದರೆ ಅಂಕವಿಲ್ಲ, ಹಂತಗಳನ್ನೂ ಬರೆಯಬೇಕು.