ದೂರ ಅಂದ್ರ ಎಷ್ಟು ದೂರ?



ಏಳನೇ ಇಯತ್ತೆ ಮುಗಿದ ಮ್ಯಾಲೆ ನಮ್ಮೂರಿನ ಕೆಲವು ಹೆಣ್ಮಕ್ಕಳು ಸಾಲಿ ಬಿಡುತ್ತಾರೆ. ಯಾಕೆ ಎಂದು ಕೇಳಿದರೆ ಹಿರಿಯರು ಹೇಳುವ ಮಾತು ಒಂದೇ: "ಹೈಸ್ಕೂಲು ಲಕ್ಷ್ಮೇಶ್ವರದಾಗ ಐತಿ, ದೂರ ಆಕ್ಕೈತಿ." ಲಕ್ಷ್ಮೇಶ್ವರ ನಮ್ಮೂರಿಗೆ 12 ಕಿ.ಮೀ. ಇದು ದೂರವೇ? ನನ್ನ ವಿಚಾರ ಬರೆಯುತ್ತೇನೆ, ಎಲ್ಲರೂ ಓದಿರಿ.

ಮೊದಲು ಬಹಳ ದೂರದ ಎರಡು ಊರು ನೋಡೋಣ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಬೆಂಗಳೂರಿಗೆ ವಿಮಾನದ ದಾರಿ ಸುಮಾರು 14,000 ಕಿ.ಮೀ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನ ನಡುವೆ ಎಲ್ಲಿಯೂ ಇಳಿಯದೆ 11ರ ನಸುಕಿನಲ್ಲಿ ಬೆಂಗಳೂರು ಮುಟ್ಟಿತು. ತಾರೀಖು ನೋಡಿದರೆ ಎರಡು ದಿನ ಹಿಡಿಯಿತು ಅನಿಸುತ್ತದೆ. ಆದರೆ ಜನವರಿಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದೆ. ಅಲ್ಲಿ ರಾತ್ರಿ ಇದ್ದಾಗ ಇಲ್ಲಿ ಮರುದಿನದ ಮುಂಜಾನೆ. ಹಾರಿದ್ದು ಸುಮಾರು 17 ತಾಸು ಅಷ್ಟೇ.

ಆ ವಿಮಾನ ಉತ್ತರ ಧ್ರುವದ ಮ್ಯಾಲಿಂದ ಬಂತು. ಗೋಡೆಯ ನಕಾಶೆಯಲ್ಲಿ ಅದು ಸುತ್ತಿನ ದಾರಿ ಕಾಣುತ್ತದೆ. ಗ್ಲೋಬಿನ ಮ್ಯಾಲೆ ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಧ್ರುವದ ಹತ್ತಿರವೇ ಹೋಗುತ್ತದೆ. ಭೂಮಿ ದುಂಡಗಿರುವುದರಿಂದ ಅದೇ ಹತ್ತಿರದ ದಾರಿ. ಇನ್ನೊಂದು ಮಾತು, ಅದನ್ನು ಹಾರಿಸಿದವರು ಕ್ಯಾಪ್ಟನ್ ಜೋಯಾ ಅಗರವಾಲ್ ಮತ್ತು ಅವರ ಜೊತೆಯ ಮೂವರು ಪೈಲಟ್‌ಗಳು. ನಾಲ್ವರೂ ಹೆಣ್ಮಕ್ಕಳೇ!

ಈಗ ಲೆಕ್ಕ ಮಾಡೋಣ. 14,000ವನ್ನು 17ರಿಂದ ಭಾಗಿಸಿದರೆ ತಾಸಿಗೆ ಸುಮಾರು 820 ಕಿ.ಮೀ. ವೇಗ.

ನಮ್ಮೂರಿನ ಲೆಕ್ಕ ನೋಡಿರಿ. ಮುಂಜಾನೆ 7ಕ್ಕೆ ಒಂದು ಬಸ್ಸು, ಅದು ಬಿಟ್ಟರೆ 11ಕ್ಕೆ. ಹೈಸ್ಕೂಲು ಶುರು ಆಗುವುದು 10ಕ್ಕೆ. ಹಂಗಾಗಿ 7ರ ಬಸ್ಸಿಗೇ ಹೋಗಬೇಕು. ಸಂಜೆ ನಾಲ್ಕೂವರೆಗೆ ಬಿಟ್ಟರೆ ಮನೆ ಮುಟ್ಟುವುದು 7ಕ್ಕೆ. ಸಾಲಿಯ ವೇಳೆ ಬಿಟ್ಟು ಐದೂವರೆ ತಾಸು ಹೋಯಿತು. ಹೋಗಿ ಬರುವ 24 ಕಿ.ಮೀ.ಗೆ ಇಷ್ಟು ಹೊತ್ತು ಎಂದರೆ ತಾಸಿಗೆ ನಾಲ್ಕೂವರೆ ಕಿ.ಮೀ. ಸಹ ಆಗಲಿಲ್ಲ. ಇದು ನಡಕೊಂಡು ಹೋಗುವ ವೇಗ! ಬಸ್ಸಿನ್ಯಾಗ ಕುಂತಿದ್ದು ಒಂದೇ ತಾಸು, ಉಳಿದದ್ದೆಲ್ಲಾ ಕಾಯುವುದು.

ಅಂದ ಮೇಲೆ ಲಕ್ಷ್ಮೇಶ್ವರವನ್ನು ನಮಗೆ ದೂರ ಮಾಡಿದ್ದು ಬಸ್ಸಿನ ವೇಳೆ. ಶಕ್ತಿ ಯೋಜನೆಯಿಂದ 2023ರ ಜೂನ್ 11ರಿಂದ ಹೆಣ್ಮಕ್ಕಳಿಗೆ ಸರಕಾರಿ ಬಸ್ಸಿನ ಟಿಕೀಟು ಪುಕ್ಕಟೆ ಆಯಿತು. ಒಳ್ಳೆಯದೇ. ಆದರೆ ಹತ್ತಾಕ ಬಸ್ಸು ಬರಬೇಕಲ್ಲ?

"ಗಂಡುಹುಡುಗರು ಹೋಗೂದಿಲ್ಲೇನು?" ಎಂದು ಕೆಲವರು ಕೇಳುತ್ತಾರೆ. ಅವರು ಸೈಕಲ್ ಮ್ಯಾಲೆ ಹೋಗುತ್ತಾರೆ, ಕತ್ತಲಾದರೂ ಯಾರೂ ಏನೂ ಅನ್ನುವುದಿಲ್ಲ. ಮಗಳು ಕತ್ತಲಾದ ಮ್ಯಾಲೆ ಬಂದರೆ ಅವ್ವ ಅಪ್ಪಗೆ ಚಿಂತೆ ಆಗುವುದು ಸಹಜ. ಅವರನ್ನು ಬೈದು ಉಪಯೋಗ ಇಲ್ಲ. ಬೆಳಕು ಇರುವಾಗಲೇ ಮನೆ ಮುಟ್ಟುವಂತೆ ಮಾಡಬೇಕು.

ಅದಕ್ಕಾಗಿ ಈ ಸಲದ ಮಕ್ಕಳ ಗ್ರಾಮಸಭೆಯಲ್ಲಿ ನಾವೆಲ್ಲರೂ ಎದ್ದು ನಿಂತು ಕೇಳೋಣ. ಮುಂಜಾನೆ 9ಕ್ಕೆ ಒಂದು, ಸಂಜೆ 5ಕ್ಕೆ ಒಂದು ಬಸ್ಸು ಬೇಕು. ಅರ್ಜಿ ನಾವು ಬರೆಯುತ್ತೇವೆ, ಗುರುಗಳು ತಿದ್ದಿ ಕೊಡಬೇಕು. ಹುಡುಗರೂ ಸಹಿ ಮಾಡಬೇಕು.

ಊರ ಹಿರಿಯರಲ್ಲಿ ಒಂದು ವಿನಂತಿ. ಆ ಬಸ್ಸು ಬರುವತನಕ ನಮ್ಮನ್ನು ಸಾಲಿ ಬಿಡಿಸಬ್ಯಾಡ್ರಿ.

– 7ನೇ ತರಗತಿಯ ವಿದ್ಯಾರ್ಥಿನಿ