ಕಚೇರಿ ಒಂದೂರಲ್ಲಿ, ಪೇಟೆ ಇನ್ನೊಂದೂರಲ್ಲಿ

ಶಿಗ್ಲಿಯ ನೇಕಾರನಿಗೆ ತಾಲೂಕು ಕಚೇರಿಯ ಕೆಲಸ ಬಿತ್ತೆಂದರೆ, 2018ಕ್ಕೆ ಮೊದಲು ಅವನು ಲಕ್ಷ್ಮೇಶ್ವರದ ದೊಡ್ಡ ಪೇಟೆಯನ್ನು ದಾಟಿ ಸಣ್ಣ ಊರಾದ ಶಿರಹಟ್ಟಿಗೆ ಹೋಗಬೇಕಾಗಿತ್ತು. 2011ರ ಜನಗಣತಿಯಲ್ಲಿ ಲಕ್ಷ್ಮೇಶ್ವರದ ಜನಸಂಖ್ಯೆ 36 ಸಾವಿರ ಮೀರಿತ್ತು. ಶಿರಹಟ್ಟಿಯದು ಅದರ ಅರ್ಧದಷ್ಟು. ರೋಣ, ಗಜೇಂದ್ರಗಡಗಳ ಕಥೆಯೂ ಇದೇ. ಜನ ಹೆಚ್ಚಿರುವುದು ಒಂದು ಕಡೆ, ಕಚೇರಿ ಇನ್ನೊಂದು ಕಡೆ! ಹೀಗೇಕಾಯಿತು?

ಉತ್ತರ ಬೇಕಾದರೆ ಸಂಸ್ಥಾನಗಳ ಕಾಲಕ್ಕೆ ಹೋಗಬೇಕು. ಶಿರಹಟ್ಟಿ ಸಾಂಗಲಿ ಸಂಸ್ಥಾನದ ತಾಲೂಕು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಶಿರಹಟ್ಟಿ ತಾಲೂಕಿನ ಕೇಂದ್ರವಾಗಿ ಉಳಿಯಿತು. ಲಕ್ಷ್ಮೇಶ್ವರ ಅದರ ಕೈಕೆಳಗೆ ಬಂತು. ಒಂದು ಕಾಲಕ್ಕೆ ಪುಲಿಗೆರೆ ಮುನ್ನೂರರ ಮುಖ್ಯಪಟ್ಟಣವಾಗಿದ್ದ ಊರಿಗೆ ಬಂದ ಗತಿ ಇದು. ಜನರನ್ನು ಯಾರೂ ಕೇಳಿ ನಕಾಶೆ ಬರೆಯಲಿಲ್ಲ.

ಧಾರವಾಡ, ಹುಬ್ಬಳ್ಳಿಗಳನ್ನೇ ನೋಡಿರಿ. ಕೋಟೆಯಿದ್ದ ಧಾರವಾಡದಲ್ಲಿ ಬ್ರಿಟಿಷ್ ಕಲೆಕ್ಟರ ಕುಳಿತ. ಅರಳೆಯ ವ್ಯಾಪಾರ, ರೈಲು, ರೈಲ್ವೆ ಕಾರಖಾನೆ ಹುಬ್ಬಳ್ಳಿಯನ್ನು ಬೆಳೆಸಿದವು. ಮುಂಡರಗಿಯ ರೈತ 1997ರ ವರೆಗೂ ಜಿಲ್ಲಾ ಕಚೇರಿಗೆಂದು ಗದಗ ದಾಟಿ, ಹುಬ್ಬಳ್ಳಿ ದಾಟಿ, ಧಾರವಾಡ ಮುಟ್ಟಬೇಕಾಗಿತ್ತು. ಕೋಲಾರದಲ್ಲಿ ಜಿಲ್ಲಾ ಕಚೇರಿ ಇದ್ದರೆ, ಅದಕ್ಕಿಂತ ಹೆಚ್ಚು ಜನ ಚಿನ್ನದ ಗಣಿಯ ಊರಲ್ಲಿ. ಅಂದರೆ ದುಡಿಮೆ ಸಿಕ್ಕಲ್ಲಿ ಪೇಟೆ ಬೆಳೆಯುತ್ತದೆ. ಆಳುವವರಿಗೆ ಅನುಕೂಲ ಕಂಡಲ್ಲಿ ಕಚೇರಿ ಕೂಡುತ್ತದೆ.

ಕೆಲವೊಮ್ಮೆ ಇದು ತಿಳಿದೇ ಮಾಡಿದ್ದು. ಸಿಡ್ನಿ, ಮೆಲ್ಬರ್ನ್‌ಗಳ ಜಗಳ ಬಗೆಹರಿಸಲು ಆಸ್ಟ್ರೇಲಿಯದವರು ಎರಡನ್ನೂ ಬಿಟ್ಟು 1908ರಲ್ಲಿ ಕ್ಯಾನ್‌ಬೆರಾವನ್ನು ಆರಿಸಿದರು. ಅಮೇರಿಕದ ರಾಜಧಾನಿ ವಾಷಿಂಗ್ಟನ್. ಹಣದ ರಾಜಧಾನಿ ನ್ಯೂಯಾರ್ಕ್. ಹಣವೂ ಅಧಿಕಾರವೂ ಒಂದೇ ಊರಲ್ಲಿ ಕೂಡಿದರೆ ಏನಾಗುತ್ತದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ವಿಧಾನಸೌಧ, ಕಾರಖಾನೆ, ದೊಡ್ಡ ಆಸ್ಪತ್ರೆ, ದೊಡ್ಡ ನೌಕರಿ ಎಲ್ಲವೂ ಬೆಂಗಳೂರಿಗೇ ಸೇರಿದವು. ನಮ್ಮ ಹಳ್ಳಿಗಳ ತರುಣರು ಅವುಗಳ ಬೆನ್ನು ಹತ್ತಿ ಬಸ್ಸು ಹತ್ತಿದರು.

ಆದುದರಿಂದ ಸಣ್ಣ ಊರಲ್ಲಿ ಕಚೇರಿ ಇರುವುದೇ ಅನ್ಯಾಯವೆಂದು ನಾವು ಹೇಳುವುದಿಲ್ಲ. ದೊಡ್ಡ ಊರಿಗೆ ಪೇಟೆಯ ಆಸರೆ ಇದೆ. ಸಣ್ಣ ಊರಿನ ಚಹದಂಗಡಿಯವನು, ಅರ್ಜಿ ಬರೆಯುವವನು, ಖಾನಾವಳಿಯವ್ವ ಬದುಕುವುದು ಕಚೇರಿಗೆ ಬರುವ ಜನರಿಂದ. ಲಕ್ಷ್ಮೇಶ್ವರಕ್ಕೆ ಕೊಡಲು ಶಿರಹಟ್ಟಿಯಿಂದ ಕಸಿಯಬೇಕೆಂಬ ಮಾತು ಬಡವರನ್ನು ಬಡವರ ಮೇಲೆ ಎತ್ತಿಕಟ್ಟುವ ಮಾತು. 2018ರಲ್ಲಿ ಲಕ್ಷ್ಮೇಶ್ವರ, ಗಜೇಂದ್ರಗಡಗಳು ಹೊಸ ತಾಲೂಕುಗಳಾದವು. ಶಿರಹಟ್ಟಿ, ರೋಣಗಳು ಹಳೆಯ ತಾಲೂಕುಗಳಾಗಿಯೇ ಉಳಿದವು. ದಾರಿ ಇದೇ ಸರಿ.

ಆದರೆ ಬೋರ್ಡು ಬಂದ ಮಾತ್ರಕ್ಕೆ ಅಧಿಕಾರ ಬಂದಂತಲ್ಲ. 1997ರಲ್ಲಿ ಗದಗ ಜಿಲ್ಲೆಯಾಯಿತು. ಗದಗ-ಬೆಟಗೇರಿಯೇ ಜಿಲ್ಲೆಯ ದೊಡ್ಡ ಊರು, ಅದೇ ಜಿಲ್ಲಾ ಕೇಂದ್ರ. ಇಲ್ಲಿ ಪೇಟೆಗೂ ಕಚೇರಿಗೂ ಅಂತರವಿಲ್ಲ. ಹಾಗೆಂದು ತುಂಗಭದ್ರೆಯ ದಂಡೆಯ ರೈತನ ಕಾಗದ ತಾನಾಗಿ ಮುಂದೆ ಸರಿಯುತ್ತದೆಯೇ? ತೀರ್ಮಾನ ಮೇಲೆಯೇ ಆಗುವುದಾದರೆ, ಹತ್ತಿರದ ಕಚೇರಿ ಎಂದರೆ ಟಪಾಲು ತೆಗೆದುಕೊಳ್ಳುವ ಕಿಟಕಿ, ಅಷ್ಟೇ.

ಡಾ. ಲೋಹಿಯಾ ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರಗಳೆಂಬ ನಾಲ್ಕು ಕಂಬಗಳ ರಾಜ್ಯವನ್ನು ಹೇಳಿದ್ದು ಇದಕ್ಕಾಗಿಯೇ: ನಾಲ್ಕಕ್ಕೂ ಸ್ವಂತ ಅಧಿಕಾರ, ಸ್ವಂತ ಹಣ ಇರಬೇಕು. ನಮ್ಮ ಬೇಡಿಕೆ ಸರಳ. ಪ್ರತಿಯೊಂದು ತಾಲೂಕಿನಲ್ಲೂ ಎಲ್ಲ ಖಾತೆಗಳ ಕಚೇರಿ, ಖಾಲಿ ಕುರ್ಚಿಯಲ್ಲ, ಅಧಿಕಾರಿ. ಮತ್ತು ಅಲ್ಲಿಯೇ ತೀರ್ಮಾನಿಸುವ ಅಧಿಕಾರ.

ರಾಜಧಾನಿ ಯಾವ ಊರೆಂಬುದು ಆಳುವವರ ಪ್ರಶ್ನೆ. ಒಂದು ಉತಾರಕ್ಕಾಗಿ ಎಷ್ಟು ದಿನದ ಕೂಲಿ ಹೋಯಿತೆಂಬುದು ಜನರ ಪ್ರಶ್ನೆ. ನಾವು ಎರಡನೆಯದನ್ನೇ ಕೇಳುತ್ತೇವೆ. ಉತ್ತರ ಬರುವ ವರೆಗೂ ಕೇಳುತ್ತೇವೆ.