ಮೊದಲ ಟರ್ನ್‌ಗೇ ಇಷ್ಟು ಮಾತೇ ಎಂದವರಿಗೆ

ಅಹಮದಾಬಾದಿನ ನರೋಡಾ, ವಡೋದರಾ, ಸುರತ್, ಹುಬ್ಬಳ್ಳಿ ಎಂದು ಚದುರಿಹೋಗಿರುವ ನಾವು ಕೆಲವು ಕನ್ನಡಿಗರು ಒಂದೇ ತಂಡವಾಗಿ ‘ಸಿವಿಲೈಸೇಶನ್ 4’ ಆಡುತ್ತೇವೆ. 2005ರಲ್ಲಿ ಬಂದ ಹಳೆಯ ಕಂಪ್ಯೂಟರ್ ಆಟ. ಕ್ರಿ.ಪೂ. 4000ದಲ್ಲಿ ಊರು ಕಟ್ಟುವ ಒಬ್ಬ ಸೆಟ್ಲರ್ ಮತ್ತು ಒಬ್ಬ ಯೋಧ ಕೈಯಲ್ಲಿ. ಊರು ಕಟ್ಟಬೇಕು, ಕಾಡು ಕಡಿಯಬೇಕು, ರಾಜ್ಯ ಬೆಳೆಸಬೇಕು. ಎದುರಿಗೆ ಬೇರೆ ತಂಡಗಳು. ಈ ಸಲ ಆಟ ಶುರುವಾಗುವ ಮೊದಲೇ ನಮ್ಮ ವಾಟ್ಸಾಪ್‌ನಲ್ಲಿ ಮೊದಲ ನಲವತ್ತು ಟರ್ನ್‌ಗಳ (ಸರದಿಗಳ) ಲೆಕ್ಕ ಹರಿದಾಡಿತು. ತಂಡದೊಳಗಿನ ಕೆಲವರೂ ಹೊರಗಿನ ಕೆಲವರೂ ಅದನ್ನು ಗೇಲಿ ಮಾಡಿದರು. ಗೇಲಿಗೆ ಗೇಲಿ ಸಾಕಿತ್ತು. ಆದರೆ ಅದರೊಳಗೆ ವಾದಗಳೂ ಇವೆ, ಅವಕ್ಕೆ ಉತ್ತರ ಕೊಡಲೇಬೇಕು.

‘ಇದು ಆಟವೋ, ಆಡಿಟ್ಟೋ?’ ಎಂಬುದು ಮೊದಲನೆಯದು. ನಾವು ಆಡುವುದು ಪಿಟ್‌ಬಾಸ್ ಪದ್ಧತಿಯಲ್ಲಿ. ಸರ್ವರ್ ಸದಾ ಚಾಲೂ ಇರುತ್ತದೆ, ಒಂದು ಟರ್ನ್‌ಗೆ 24 ಗಂಟೆ ಗಡುವು. ಮೊದಲ ಇಪ್ಪತ್ತು ದಿನ ಇರುವುದು ಒಂದೇ ಊರು. ಲಾಗಿನ್ ಆಗಿ ಯೋಧನನ್ನು ಒಂದು ಚೌಕ ಸರಿಸಿದರೆ ಆ ದಿನದ ಕೆಲಸ ಮುಗಿಯಿತು, ಅದಕ್ಕೆ ಒಂದು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ ಯೋಚನೆ ಮಾಡಬೇಡಿ ಎಂದರೆ ಹೇಗೆ? ಹತ್ತು ಊರು, ಮೂರು ಗಡಿ, ಎರಡು ಯುದ್ಧ ಒಟ್ಟಿಗೆ ಬಂದಾಗ ಯೋಚನೆಗೆ ಪುರುಸೊತ್ತು ಸಿಗುವುದಿಲ್ಲ. ಇಲ್ಲಿ ನರೋಡಾದ ಜಿಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಶಿಫ್ಟ್ ಮುಗಿಸಿ ಬಂದವನಿಗೆ ಆಗ ಟರ್ನ್ ತಪ್ಪದಿದ್ದರೇ ದೊಡ್ಡದು.

ಇನ್ನೊಂದು ಆಕ್ಷೇಪಕ್ಕೆ ನಿಜವಾಗಿಯೂ ತೂಕವಿದೆ: ನಿಂತಲ್ಲೇ ಊರು ಕಟ್ಟಬೇಕು, ಸರಿದರೆ ಒಂದು ಟರ್ನ್ ನಷ್ಟ. ನಷ್ಟ ಹೌದು. ಲಾಭ ಎಷ್ಟು ಎಂದು ಯಾರೂ ಕೇಳುತ್ತಿಲ್ಲ, ಹಾಗಾಗಿ ಲೆಕ್ಕ ಇಲ್ಲೇ ಇಡುತ್ತೇನೆ.

ಸಮತಟ್ಟು ಹುಲ್ಲುನೆಲದ ಮೇಲೆ ಊರು ಕಟ್ಟಿದರೆ ಊರಿನ ಚೌಕದಿಂದ 2 ಆಹಾರ, 1 ಹ್ಯಾಮರ್ (ಈ ಆಟದಲ್ಲಿ ಉತ್ಪಾದನೆಯ ಅಳತೆ). ಜನಸಂಖ್ಯೆ ಒಂದು. ಆ ಒಬ್ಬ ಪಕ್ಕದ ಹುಲ್ಲುಗಾವಲಿನ ಕಾಡಿನಲ್ಲಿ ದುಡಿದರೆ ಇನ್ನೂ 2 ಆಹಾರ, 1 ಹ್ಯಾಮರ್. ಅವನು ತಿನ್ನುವುದು 2 ಆಹಾರ. ನೆಲ ಹದಮಾಡುವ ವರ್ಕರ್ ತಯಾರಾಗುವಾಗ ಊರು ಬೆಳೆಯುವುದಿಲ್ಲ, ಮಿಕ್ಕ ಆಹಾರವೂ ಹ್ಯಾಮರ್ ಜೊತೆಗೇ ಸೇರುತ್ತದೆ. ಅಂದರೆ ಟರ್ನ್‌ಗೆ ಒಟ್ಟು 4. ವರ್ಕರ್‌ನ ಬೆಲೆ 60. ಹದಿನೈದು ಟರ್ನ್ ಬೇಕು. ಅದೇ ಊರನ್ನು ಪಕ್ಕದ ಪ್ಲೇನ್ಸ್ ಗುಡ್ಡದ ಮೇಲೆ ಕಟ್ಟಿದರೆ ಊರಿನ ಚೌಕ ಕೊಡುವುದು 2 ಆಹಾರ, 2 ಹ್ಯಾಮರ್. ಟರ್ನ್‌ಗೆ 5, ಹನ್ನೆರಡು ಟರ್ನ್‌ನಲ್ಲಿ ವರ್ಕರ್. ಗುಡ್ಡಕ್ಕೆ ಹೋಗಲು ಕಳೆದ ಒಂದನ್ನು ಸೇರಿಸಿದರೂ ಹದಿಮೂರು. ‘ನಷ್ಟ’ ಮಾಡಿಕೊಂಡವನ ವರ್ಕರ್ ಎರಡು ಟರ್ನ್ ಮೊದಲೇ ಗುದ್ದಲಿ ಹಿಡಿದಿರುತ್ತಾನೆ. ಆ ಹೆಚ್ಚಿನ ಒಂದು ಹ್ಯಾಮರ್ ಆಟ ಮುಗಿಯುವವರೆಗೂ ಬರುತ್ತಲೇ ಇರುತ್ತದೆ. ಇದರಲ್ಲಿ ಅದೃಷ್ಟದ ಪಾಲು ಏನೂ ಇಲ್ಲ, ಎರಡನೆಯ ತರಗತಿಯ ಭಾಗಾಕಾರ.

ಗುಡ್ಡವಿಲ್ಲದ ಕಡೆಯೂ ಸರಿಯಿರಿ ಎಂದು ನಾವು ಹೇಳುತ್ತಿಲ್ಲ. ಮೊದಲು ಯೋಧನನ್ನು ಕಳಿಸಿ ನೋಡಿ, ಆಮೇಲೆ ಸೆಟ್ಲರ್‌ನ ಕಾಲೆತ್ತಿ ಎಂಬುದಷ್ಟೇ ನಮ್ಮ ವಾದ.

ಇದಕ್ಕೆ ವಡೋದರಾದ ಗೆಳೆಯ ಇತಿಹಾಸ ಎತ್ತಿದ. ನಾಯಿಗಳ ಮೇಲೆ ಮೊಲ ತಿರುಗಿಬಿದ್ದಲ್ಲಿ ಅಹಮದ್ ಶಾ ಅಹಮದಾಬಾದ್ ಕಟ್ಟಿದನಂತೆ. ನಮ್ಮ ಹಂಪಿಗೂ ಅದೇ ಕಥೆ. ಮಹಾನಗರಗಳೇ ಹೀಗೆ ಹುಟ್ಟಿರುವಾಗ ನಿಮ್ಮ ಲೆಕ್ಕದ ಹಾಳೆ ಯಾಕೆ? ಕಥೆ ಚೆನ್ನಾಗಿದೆ. ಆದರೆ ಅಹಮದ್ ಶಾ 1411ರಲ್ಲಿ ಮಾಡಿದ್ದು ಏನು? ರಾಜಧಾನಿಯನ್ನು ಪಾಟಣದಿಂದ ಎಬ್ಬಿಸಿ ಸಾಬರಮತಿಯ ದಡಕ್ಕೆ ತಂದ. ನೀರು ಸಿಕ್ಕಿತು, ಖಂಭಾತದ ಬಂದರಿನ ದಾರಿ ಹತ್ತಿರವಾಯಿತು. ನಮ್ಮ ಕಡೆ ವಿಜಯನಗರಕ್ಕೆ ಒಂದು ಬದಿಗೆ ತುಂಗಭದ್ರೆ, ಸುತ್ತ ಬಂಡೆಗುಡ್ಡಗಳ ಕೋಟೆ. ಎರಡೂ ಕಡೆ ಮೊಲ ಬಹಳ ಜಾಣ ಜಾಗವನ್ನೇ ಆರಿಸಿದೆ ನೋಡಿ. ಅಹಮದ್ ಶಾ ಪಾಟಣದಲ್ಲೇ ಉಳಿದಿದ್ದರೆ ವಡೋದರಾದ ಗೆಳೆಯನ ವಾದಕ್ಕೆ ಉದಾಹರಣೆಯೇ ಸಿಗುತ್ತಿರಲಿಲ್ಲ.

‘ಮೊದಲು ವರ್ಕರ್ ಯಾಕೆ, ಸೈನಿಕರನ್ನು ಮಾಡಿ’ ಎಂಬವರಿಗೆ: ನಾವು ಆರಿಸಿರುವುದು ಭಾರತ. ಈ ಆಟದಲ್ಲಿ ಭಾರತದ ವಿಶೇಷ ಪಡೆ ಆನೆಯಲ್ಲ, ಕುದುರೆಯಲ್ಲ, ಫಾಸ್ಟ್ ವರ್ಕರ್! ಬೇರೆಯವರ ವರ್ಕರ್‌ಗೆ ಎರಡು ಹೆಜ್ಜೆ, ನಮ್ಮವನಿಗೆ ಮೂರು. ಕಾಡಿನ ಚೌಕ ಹೊಕ್ಕರೆ ಬೇರೆಯವರ ವರ್ಕರ್‌ನ ಆ ಟರ್ನ್ ಅಲ್ಲಿಗೇ ಮುಗಿಯುತ್ತದೆ; ನಮ್ಮವನು ಅದೇ ಟರ್ನ್‌ನಲ್ಲಿ ಕೊಡಲಿ ಎತ್ತುತ್ತಾನೆ. ಕಾಡು ಕಡಿಯಲು ಮೂರು ಟರ್ನ್, ಸಿಗುವುದು 20 ಹ್ಯಾಮರ್. ಕಾಡುಗಳು ಒತ್ತೊತ್ತಾಗಿದ್ದರೆ ಹನ್ನೆರಡು ಟರ್ನ್‌ನಲ್ಲಿ ಅವರು ಮೂರು ಕಾಡು ಕಡಿದರೆ ನಾವು ನಾಲ್ಕು. ಐದು ಕಾಡಿಗೆ 100 ಹ್ಯಾಮರ್, ಒಬ್ಬ ಸೆಟ್ಲರ್. ಕಡಿಯಲು ಬೇಕಾದ ಕಂಚಿನ ವಿದ್ಯೆಗೆ ಗಣಿಗಾರಿಕೆ ಮೊದಲು ಗೊತ್ತಿರಬೇಕು, ಭಾರತಕ್ಕೆ ಅದು ಆರಂಭದಲ್ಲೇ ಬಂದಿರುತ್ತದೆ. ಕೂಲಿಯವರನ್ನೇ ರಾಜ್ಯದ ಬಲವೆಂದು ಎಣಿಸಿದ ಆಟ ತಯಾರಕರ ಬುದ್ಧಿಗೆ, ಜಿಐಡಿಸಿ ಗೇಟಿನ ಹತ್ತಿರ ಬೆಳಗ್ಗೆ ನಿಂತು ನೋಡುವ ನನ್ನಂಥವನು ತಲೆದೂಗುತ್ತಾನೆ. ಸಮುದ್ರ ತೀರದಲ್ಲಿ ಮೀನಿದ್ದರೆ ಮೊದಲು ದೋಣಿ, ಒಪ್ಪುತ್ತೇನೆ. ಪಕ್ಕದ ತಂಡ ಎಂಟು ಚೌಕ ಆಚೆಗೇ ಇದ್ದರೆ ಮೊದಲು ಯೋಧ, ಅದನ್ನೂ ಒಪ್ಪುತ್ತೇನೆ. ನಮ್ಮ ಹಾಳೆಯಲ್ಲಿ ಈ ಎರಡು ಕವಲೂ ಇವೆ, ಪೂರ್ತಿ ಓದಿದವರಿಗೆ ಕಾಣುತ್ತವೆ.

ಸುರತ್‌ನವರ ವಾದ ಬೇರೆ. ನಕ್ಷೆ ಕತ್ತಲಲ್ಲಿದೆ, ಯೋಜನೆ ಹೇಗೂ ಕೆಡುತ್ತದೆ. 1966ರಲ್ಲಿ ನರೋಡಾದಲ್ಲಿ ಬಟ್ಟೆ ಗಿರಣಿ ಹಾಕಿದ ಧೀರೂಭಾಯಿ ಅಂಬಾನಿಗೆ ಸುರತ್ ಪಕ್ಕದ ಹಜೀರಾ, ಆಚೆಯ ಜಾಮನಗರದ ಕಾರ್ಖಾನೆಗಳು ಆಗಲೇ ಕಂಡಿದ್ದವೇ ಎಂದು ಕೇಳುತ್ತಾರೆ. ಧೀರೂಭಾಯಿಯ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ಕ್ರಮ ಕಣ್ಣಿಗೆ ಕಾಣುತ್ತದೆ: ಮೊದಲು ಬಟ್ಟೆ, ಬಟ್ಟೆಗೆ ಬೇಕಾದ ಪಾಲಿಯೆಸ್ಟರ್ ನೂಲು, ನೂಲಿಗೆ ಬೇಕಾದ ರಾಸಾಯನಿಕ, ಕೊನೆಗೆ ಎಣ್ಣೆ ಶುದ್ಧೀಕರಣ. ನಾವೂ ಇನ್ನೂರನೆಯ ಟರ್ನ್‌ಗೆ ಯೋಜನೆ ಹಾಕಿಲ್ಲ, ನಮ್ಮ ಹಾಳೆ ಮೂರನೆಯ ಊರಿಗೆ ನಿಲ್ಲುತ್ತದೆ. ಅಲ್ಲಿಯವರೆಗಿನ ಆಹಾರ, ಹ್ಯಾಮರ್‌ಗಳಲ್ಲಿ ದಾಳ ಉರುಳುವುದಿಲ್ಲ. ಆರಂಭದ ಕಾಡುಮೃಗಗಳು ನಮ್ಮ ಗಡಿಯೊಳಗೆ ಕಾಲಿಡುವುದೂ ಇಲ್ಲ. ಇಡೀ ಆಟದಲ್ಲಿ ಲೆಕ್ಕ ಪಕ್ಕಾ ಸಿಗುವ ಕಾಲ ಇದೊಂದೇ.

ಅಣಕು ನಕ್ಷೆ ಮಾಡಿ ತಾಲೀಮು ಮಾಡುವುದು ಮೋಸವೆಂದು ಇನ್ನು ಕೆಲವರು ಅಂದರು. ಕಂಡ ಚೌಕಗಳನ್ನಷ್ಟೇ ಆಟದ ನಕ್ಷೆ ತಯಾರಿಸುವ ವರ್ಲ್ಡ್ ಬಿಲ್ಡರ್‌ನಲ್ಲಿ ಇಟ್ಟು ಆಡಿದರೆ ಅದು ಕಾಗದದ ಮೇಲಿನ ಲೆಕ್ಕಕ್ಕಿಂತ ಬೇರೆಯಲ್ಲ. ನಿಜವಾದ ಆಟದ ಫೈಲ್ ತೆರೆದು ಕತ್ತಲಲ್ಲಿರುವುದನ್ನು ನೋಡಿದರೆ ಮೋಸ, ಹಾಗೆ ಮಾಡಿದವರನ್ನು ತಂಡದಿಂದ ತೆಗೆಯಲೇಬೇಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕೊನೆಯದು ನಾಯಕನ ಪ್ರಶ್ನೆ. ಒಬ್ಬ ನಿರ್ಧರಿಸಲಿ, ಸಮಿತಿ ಬೇಡ; 1999ರಲ್ಲಿ ಕಾಸ್ಪರೋವ್ ವಿರುದ್ಧ ಇಡೀ ಜಗತ್ತು ಮತ ಹಾಕಿ ಚೆಸ್ ಆಡಿ ಸೋಲಲಿಲ್ಲವೇ ಎಂದರು. ಸೋತಿತು. ಎಷ್ಟನೆಯ ನಡೆಯಲ್ಲಿ? ಅರವತ್ತೆರಡನೆಯದರಲ್ಲಿ, ಆಗಿನ ವಿಶ್ವ ಚಾಂಪಿಯನ್ ಎದುರು. ಹತ್ತನೆಯ ನಡೆಯಲ್ಲಿ ಐರಿನಾ ಕ್ರಷ್ ಎಂಬ ಹದಿಹರೆಯದ ಆಟಗಾರ್ತಿ ಸೂಚಿಸಿದ ಹೊಸ ನಡೆಗೆ ಮತ ಹಾಕಿದ್ದೂ ಅದೇ ಗುಂಪು. ಅಲ್ಲಿಯೂ ಒಂದು ನಡೆಗೆ 24 ಗಂಟೆ, ಚರ್ಚೆ ಎಷ್ಟಾದರೂ ಗಡುವಿಗೆ ಒಂದೇ ನಡೆ. ನಮ್ಮ ನಿಯಮವೂ ಅದೇ: ಮಾತು ಎಲ್ಲರದು, ಮೌಸ್ ಒಬ್ಬರದು. ಇಬ್ಬರು ಲಾಗಿನ್ ಆಗಿ ಒಂದೇ ವರ್ಕರ್‌ನನ್ನು ಎರಡು ದಿಕ್ಕಿಗೆ ಅಟ್ಟುವ ಗೊಂದಲ ಇದರಿಂದ ತಪ್ಪುತ್ತದೆ. ಆದರೆ ಮಾತನ್ನೇ ನಿಲ್ಲಿಸಿ ಎಂದರೆ ಉಳಿದವರು ತಂಡದಲ್ಲಿ ಯಾಕಿರಬೇಕು?

ಮುಂದಿನ ಆಟಕ್ಕೆ ನಕ್ಷೆ ಬಂದ ದಿನವೇ ನಿಮ್ಮ ಹಾಳೆಯನ್ನೂ ಕಳಿಸಿ. ಯಾವ ಚೌಕ, ಮೊದಲು ಏನು, ಎರಡನೆಯ ಊರು ಎಷ್ಟನೆಯ ಟರ್ನ್‌ಗೆ ಎಂದು ಬರೆದಿರಲಿ. ನಮ್ಮದಕ್ಕಿಂತ ಒಂದು ಟರ್ನ್ ಮೊದಲೇ ಸೆಟ್ಲರ್ ಹೊರಟರೆ ನಿಮ್ಮದನ್ನೇ ಆಡುತ್ತೇವೆ. ಹಾಳೆ ಕಳಿಸದವರು ದಯವಿಟ್ಟು ನಲವತ್ತನೆಯ ಟರ್ನ್‌ಗೆ ಬಂದು ಊರು ತಪ್ಪು ಜಾಗದಲ್ಲಿದೆ ಎನ್ನಬೇಡಿ.